ಅರ್ಧ ಹೆಣೆದ ಬುಟ್ಟಿ

ಒಂದು ಕಾಡಿನಲ್ಲಿ, ಕಡಲು ಒಳಗೆ ಚಾಚಿಕೊಂಡಿದ್ದ ಕೊಲ್ಲಿಯ ಅಂಚಿನಲ್ಲಿ, ಸೂಜಕ್ಕ ಎಂಬ ಮುಳ್ಳುಹಂದಿ ಇದ್ದಳು. ಅವಳು ವ್ಯಾಪಾರಸ್ಥೆ. ಎಂಥ ವ್ಯಾಪಾರ ಅಂತೀರಾ? ತೂಗುಬುಟ್ಟಿಯ ವ್ಯಾಪಾರ. ಆ ಕಾಡು ತಗ್ಗಿನ ಕಾಡು. ಮಳೆಗಾಲ ಬಂತೆಂದರೆ ಬಿಲಗಳಿಗೆಲ್ಲ ನೀರು ನುಗ್ಗುತ್ತಿತ್ತು. ದೊಡ್ಡವರು ಹೇಗೋ ದಿಣ್ಣೆ ಹತ್ತಿ ನಿಂತು ಕಾಲ ತಳ್ಳುತ್ತಿದ್ದರು. ಆದರೆ ಮರಿಗಳ ಪಾಡೇನು? ಅದಕ್ಕೇ ಮೊಲ, ಇಲಿಗಳ ತಾಯಂದಿರು ತಮ್ಮ ಮರಿಗಳನ್ನು ಬುಟ್ಟಿಯಲ್ಲಿಡುತ್ತಿದ್ದರು. ಅಳಿಲುಗಳು ಆ ಬುಟ್ಟಿಗಳನ್ನು ತಗ್ಗು ಕೊಂಬೆಗಳಿಗೆ ಕಟ್ಟಿಕೊಡುತ್ತಿದ್ದವು. ಕೆಳಗೆ ನೀರು ಹರಿಯುತ್ತಿದ್ದರೆ ಮೇಲೆ ಮರಿಗಳು ತೂಗಿಕೊಂಡು ನಿದ್ದೆ ಹೋಗುತ್ತಿದ್ದವು.

ಇಂಥ ಬುಟ್ಟಿ ಹೆಣೆಯುವ ವಿದ್ಯೆ ಕಾಡಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದು ಬರುತ್ತಿದ್ದುದು ಕೊಲ್ಲಿಯ ಆಚೆ, ನಡುಗಡ್ಡೆಯಲ್ಲಿದ್ದ ಗೀಜಗ ಹಕ್ಕಿಗಳಿಗೆ. ಅವರಿಗೆ ಕಾಳು ಬೇಕು, ಇವರಿಗೆ ಬುಟ್ಟಿ ಬೇಕು. ಸೂಜಕ್ಕ ಕಾಡಿನವರಿಂದ ಕಾಡುಸಾಮೆ ಒಟ್ಟುಮಾಡಿ ಆಚೆಗೆ ಕಳಿಸುತ್ತಿದ್ದಳು. ಆಚೆಯಿಂದ ಬುಟ್ಟಿ ಬರುತ್ತಿತ್ತು. ಕಳಿಸುವುದು, ತರುವುದು ಎರಡೂ ಒಬ್ಬನ ಕೆಲಸ. ಅವನ ಹೆಸರು ಮುಳುಗಣ್ಣ. ನೀರುಕಾಗೆ.

ನೀರುಕಾಗೆಯನ್ನು ನೀವು ನೋಡಿರುತ್ತೀರಿ. ಮೀನು ಹಿಡಿಯಲು ಮುಳುಗಿ ಎದ್ದಮೇಲೆ ಬಂಡೆಯ ಮೇಲೆ ಕೂತು ಎರಡು ರೆಕ್ಕೆಯನ್ನೂ ಅಗಲಿಸಿ ಒಣಗಿಸಿಕೊಳ್ಳುತ್ತದೆ. ಮುಳುಗಣ್ಣ ಹಾಗೆ ಒಣಗಿಸಿಕೊಳ್ಳುತ್ತಲೇ ವ್ಯಾಪಾರದ ಮಾತಾಡುತ್ತಿದ್ದ.

"ನೋಡಿ ಸೂಜಕ್ಕ, ನಾನು ಹೀಗೆ. ರೆಕ್ಕೆ ಬಿಚ್ಚಿ ತೋರಿಸಿಬಿಟ್ಟಿದ್ದೇನೆ. ಮುಚ್ಚುಮರೆ ಅನ್ನುದು ನನ್ನಲ್ಲಿ ಇಲ್ಲವೇ ಇಲ್ಲ."

ಸೂಜಕ್ಕ ಅದನ್ನು ನಂಬಿದ್ದಳು. ರೆಕ್ಕೆ ಒದ್ದೆಯಾದವನು ಒಣಗಿಸಿಕೊಳ್ಳಲೇಬೇಕಲ್ಲ, ಅದರಲ್ಲಿ ಪ್ರಾಮಾಣಿಕತೆ ಎಲ್ಲಿಂದ ಬಂತು ಎಂದು ಅವಳಿಗೆ ಹೊಳೆಯಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳ ಅಜ್ಜಿ ಹೇಳಿದ್ದಳು. ಕಪ್ಪಗಿರುವವರ ವಿಚಾರ ಅಜ್ಜಿ ಹೇಳಿರಲಿಲ್ಲ.

ಮೊದಲ ವರ್ಷ ಬುಟ್ಟಿಗಳು ಚೆನ್ನಾಗಿದ್ದವು. ಎರಡನೆಯ ವರ್ಷವೂ ಚೆನ್ನಾಗಿದ್ದವು. ಮೂರನೆಯ ವರ್ಷ, ಅಂದರೆ ಕಳೆದ ಮಳೆಗಾಲ, ಕಿವಿಯಮ್ಮ ಎಂಬ ಮೊಲದ ಬುಟ್ಟಿಯ ತಳ ಕಿತ್ತುಹೋಯಿತು. ಅದರಲ್ಲಿ ಮಲಗಿದ್ದ ಅವಳ ಮಗಳು ಚಿಕ್ಕಿ ಕೆಳಗೆ ಬಿದ್ದಳು. ಪುಣ್ಯಕ್ಕೆ ನೀರಿಗೆ ಬೀಳದೆ ಬೇರಿನ ಮೇಲೆ ಬಿದ್ದು ಉಳಿದುಕೊಂಡಳು. ಎಡಗಾಲು ಮಾತ್ರ ಸೊಟ್ಟಗಾಯಿತು. ಅಂದಿನಿಂದ ಚಿಕ್ಕಿ ನೆಗೆಯುವಾಗ ಒಂದು ಕಡೆಗೆ ವಾಲುತ್ತಿದ್ದಳು. ಅದನ್ನು ಕಂಡಾಗೆಲ್ಲ ಸೂಜಕ್ಕ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಅವಳು ಮುಳುಗಣ್ಣನನ್ನು ಕೇಳಿದ್ದಳು. ಅವನು ರೆಕ್ಕೆ ಅಗಲಿಸಿ ನಿಟ್ಟುಸಿರು ಬಿಟ್ಟಿದ್ದ.

"ಎಂತ ಹೇಳುದು ಸೂಜಕ್ಕ. ಆ ಗೀಜಗಗಳ ಬುದ್ಧಿಯೇ ಅಷ್ಟು. ಎರಡು ವರ್ಷ ಒಳ್ಳೆ ಮಾಲು ಕೊಟ್ಟು ನಂಬಿಸಿದರು. ಈಗ ಅಸಲು ಬಣ್ಣ ತೋರಿಸ್ತಿದ್ದಾರೆ. ನಾನು ಸರಿಯಾಗಿ ಬೈದು ಬಂದಿದ್ದೇನೆ. ಮುಂದಿನ ವರ್ಷ ಹೀಗೆ ಆಗುದಿಲ್ಲ."

"ನಾನೇ ಒಮ್ಮೆ ಹೋಗಿ ಮಾತಾಡಿ ಬರ್ಲಾ?"

"ನೀವಾ? ಈ ಮುಳ್ಳಿನ ಹೊರೆ ಹೊತ್ತುಕೊಂಡು ನೀರಿಗಿಳಿದರೆ ಕಲ್ಲಿನ ಹಾಗೆ ತಳ ಸೇರ್ತೀರಿ. ಹೇಗೋ ಮುಟ್ಟಿದಿರಿ ಅಂತ ಇಟ್ಟುಕೊಳ್ಳಿ, ಆ ಹಕ್ಕಿಗಳು ಗುಂಪು ಕಟ್ಟಿ ಬಂದು ಕಣ್ಣು ಕುಕ್ಕುತ್ತವೆ. ನಿಮಗೆ ಯಾಕೆ ಈ ಉಪದ್ರ? ನಾನಿದ್ದೇನಲ್ಲ."

ಸೂಜಕ್ಕ ಹೋಗುವ ಯೋಚನೆ ಬಿಟ್ಟಳು. ಅವಳಿಗೆ ಎಳವೆಯಿಂದಲೂ ನೀರೆಂದರೆ ಭಯ. ಭಯ ಇರುವವರಿಗೆ ಹೋಗಬೇಡ ಎನ್ನುವ ಮಾತು ಬೆಲ್ಲದ ಹಾಗೆ ಸಿಹಿ.

ಈ ವರ್ಷ ಮಳೆಗೆ ಇನ್ನು ಹದಿನೈದು ದಿನವಿತ್ತು. ಮುಳುಗಣ್ಣ ವಾಡಿಕೆಯಂತೆ ಮೊದಲು ಒಂದು ಮಾದರಿ ಬುಟ್ಟಿ ತಂದು ತೋರಿಸಿದ. ಎಂಥ ಬುಟ್ಟಿ! ಒಂದು ಎಳೆಯೂ ಹೊರಗೆ ಇಣುಕಿರಲಿಲ್ಲ. ಒಳಗೋಡೆಗೆ ಹುಣಸೆಬೀಜದಷ್ಟು ಜೇಡಿಮಣ್ಣು ಮೆತ್ತಿತ್ತು, ಅದರ ಮೇಲೆ ಕೊಕ್ಕಿನ ಒಂದು ಗೀರು. ಎರಡು ದಿನ ಬಿಟ್ಟು ನಲವತ್ತು ಬುಟ್ಟಿಗಳು ಬಂದವು. ಸೂಜಕ್ಕ ತನ್ನ ರೂಢಿಯಂತೆ ಒಂದೊಂದನ್ನೂ ಮೂಸಿ ನೋಡಿದಳು. ಮುಳ್ಳುಹಂದಿಗಳಿಗೆ ಕಣ್ಣು ಮಂದ, ಮೂಗು ಚುರುಕು. ಗೆಡ್ಡೆಯಾಗಲಿ ಹಣ್ಣಾಗಲಿ ಮೂಸಿಯೇ ಒಪ್ಪುತ್ತಾರೆ, ಮೂಸಿಯೇ ಬಿಡುತ್ತಾರೆ. ಬುಟ್ಟಿಗಳಿಂದ ಹೊಸ ಹುಲ್ಲಿನ ಘಮ ಬಂತು. ಹೊಸದು ಎಂದಮೇಲೆ ಗಟ್ಟಿ ಎಂದು ಅವಳು ಲೆಕ್ಕ ಹಾಕಿದಳು. ಗೆಡ್ಡೆ ಕೊಳ್ಳುವ ಬುದ್ಧಿಯಲ್ಲಿ ಬುಟ್ಟಿ ಕೊಂಡಿದ್ದಳು, ಪಾಪ.

ಅವಳು ಮೊದಲ ಬುಟ್ಟಿಯನ್ನು ಕಿವಿಯಮ್ಮನ ಬಿಲದ ಮುಂದೆ ಇಟ್ಟಳು. ಕಿವಿಯಮ್ಮ ಅದನ್ನು ಮುಟ್ಟಲಿಲ್ಲ.

"ಬೇಡ ಸೂಜಕ್ಕ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿಮ್ಮ ಬುಟ್ಟಿಯಲ್ಲಿ ನನ್ನ ಮಗಳನ್ನು ಇನ್ನು ಮಲಗಿಸುದಿಲ್ಲ. ನಾವು ಗುಡ್ಡ ದಾಟಿ ಆಚೆ ಕಾಡಿಗೆ ಹೋಗ್ತೇವೆ."

"ಗುಡ್ಡ ದಾಟುದಾ? ಚಿಕ್ಕಿಯ ಕಾಲಿನಲ್ಲಿ? ದಾರಿಯಲ್ಲಿ ಹದ್ದುಗಳುಂಟು ಕಿವಿಯಮ್ಮ."

"ಗೊತ್ತುಂಟು. ಹದ್ದು ಬಂದರೆ ಕಾಣ್ತದೆ. ಬುಟ್ಟಿಯ ತಳ ಕಾಣುದಿಲ್ಲ."

ಆ ಮಾತು ಸೂಜಕ್ಕನಿಗೆ ನಾಟಿತು. ಬೇರೆಯವರ ಮುಳ್ಳು ಚುಚ್ಚಿದರೆ ಹೇಗಾಗುತ್ತದೆ ಎಂದು ಅವಳಿಗೆ ಅಂದೇ ಗೊತ್ತಾದದ್ದು. ಅವಳು ಮನೆಗೆ ಬಂದು ಬುಟ್ಟಿಯೊಂದನ್ನು ಕೊಂಬೆಗೆ ಕಟ್ಟಿಸಿ ಅದರಲ್ಲಿ ಒಂದು ಕಲ್ಲು ಇಟ್ಟಳು. ತಳ ಬಿಚ್ಚಿಕೊಂಡು ಕಲ್ಲು ಕೆಳಗೆ ಬಿತ್ತು. ಎರಡನೆಯದಕ್ಕೆ ಇಟ್ಟಳು, ಅದೂ ಬಿತ್ತು. ಮೂರನೆಯದೂ ಬಿತ್ತು. ಸಂಜೆಯೊಳಗೆ ನಲವತ್ತೂ ಹರಿದುಹೋದವು. ಕೊನೆಗೆ ಮಾದರಿ ಬುಟ್ಟಿಗೆ ಅದೇ ಕಲ್ಲು ಇಟ್ಟಳು. ಬೀಳಲಿಲ್ಲ. ಎರಡು ಕಲ್ಲು ಇಟ್ಟಳು. ಬೀಳಲಿಲ್ಲ. ಮೂರು ಇಟ್ಟಾಗ ಕೊಂಬೆ ಬಾಗಿತು, ಬುಟ್ಟಿ ಬಾಗಲಿಲ್ಲ.

"ಇಷ್ಟು ಚಂದ ಹೆಣೆಯುವವರು ಅಷ್ಟು ಕೆಟ್ಟದಾಗಿ ಹೆಣೆಯುದು ಹೇಗೆ?" ಎಂದು ಅವಳು ತನಗೆ ತಾನೇ ಕೇಳಿಕೊಂಡಳು. ಕೇಳಬೇಕಾದ ಪ್ರಶ್ನೆ ಅದೇ. ಕೇಳಬೇಕಾದವರು ಮಾತ್ರ ಆಚೆ ದಡದಲ್ಲಿದ್ದರು.

ಮರುದಿನ ಬೆಳಿಗ್ಗೆ ಮುಳುಗಣ್ಣ ಮೀನಿಗೆ ಹೋದ ಹೊತ್ತು ನೋಡಿ ಸೂಜಕ್ಕ ದಡಕ್ಕೆ ಬಂದಳು. ಬೆನ್ನಿನ ಒಂದು ಮುಳ್ಳಿಗೆ ಮಾದರಿ ಬುಟ್ಟಿ, ಇನ್ನೊಂದಕ್ಕೆ ಹರಿದ ಬುಟ್ಟಿ. ಮುಂಗಾಲು ನೀರಿಗಿಟ್ಟಳು, ತೆಗೆದಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಹೀಗೆ ಏಳು ಸಲ ಮಾಡಿದಳು. ಎಂಟನೆಯ ಸಲ ಚಿಕ್ಕಿಯ ಸೊಟ್ಟಗಾಲು ನೆನಪಾಯಿತು. ಕಣ್ಣುಮುಚ್ಚಿ ಇಳಿದೇಬಿಟ್ಟಳು.

ಮುಳುಗಲಿಲ್ಲ! ಮುಳ್ಳುಹಂದಿಯ ಮುಳ್ಳು ಒಳಗೆ ಟೊಳ್ಳು. ಒಂದೊಂದೂ ಒಣ ಬಿದಿರಕಡ್ಡಿಯ ಹಾಗೆ ಅವಳನ್ನು ಮೇಲಕ್ಕೆ ಎತ್ತಿ ಹಿಡಿಯಿತು. ಹುಟ್ಟಿದಂದಿನಿಂದ ಹೊರೆ ಎಂದುಕೊಂಡಿದ್ದದ್ದು ದೋಣಿಯಾಯಿತು. ಸೂಜಕ್ಕ ಕಾಲು ಬಡಿಯುತ್ತಾ, ಸ್ವಲ್ಪ ಉಪ್ಪುನೀರು ಕುಡಿಯುತ್ತಾ, ಬಿಸಿಲೇರುವ ಹೊತ್ತಿಗೆ ನಡುಗಡ್ಡೆಯ ಮರಳು ಹತ್ತಿದಳು.

ಗೀಜಗಗಳು ಅವಳನ್ನು ಕಂಡದ್ದೇ ತಡ, ಚಿರ್‍ ಎಂದು ಕೂಗಿಕೊಂಡು ಗುಂಪಾಗಿ ಹಾರಿ ತಾಳೆಮರದ ತುದಿ ಸೇರಿದವು.

"ಮುಳ್ಳು ಎಸೆಯುವವಳು ಬಂದಳು! ಮಕ್ಕಳನ್ನು ಒಳಗೆ ಕರ್ಕೊಳ್ಳಿ!"

ಸೂಜಕ್ಕ ಇದ್ದಲ್ಲೇ ನಿಂತಳು. ಮುಳ್ಳುಗಳನ್ನೆಲ್ಲ ಹಿಂದಕ್ಕೆ ಮಡಿಸಿ, ಎರಡು ಬುಟ್ಟಿಗಳನ್ನು ಮುಂದೆ ಇಟ್ಟು, ಹೊಟ್ಟೆ ಅಡಿಯಾಗಿ ಮರಳಿನ ಮೇಲೆ ಮಲಗಿದಳು. ಬಿಸಿಲು ನೆತ್ತಿಗೆ ಬಂತು. ಅವಳು ಏಳಲಿಲ್ಲ. ಕೊನೆಗೆ ಒಂದು ಹೆಣ್ಣು ಗೀಜಗ ಕೊಂಬೆಯಿಂದ ಕೊಂಬೆಗೆ ಇಳಿದು, ಒಂದು ಮಾರು ದೂರದಲ್ಲಿ ಬಂದು ಕೂತಳು. ಅವಳ ಹೆಸರು ಗರಿಕಮ್ಮ.

"ನೀವು ಮುಳ್ಳು ಎಸೀತೀರಂತೆ. ಹೌದಾ?"

"ಎಸೆಯಲಿಕ್ಕೆ ಬರುವುದಾದರೆ ಇಷ್ಟು ಹೊತ್ತಿಗೆ ಕೆಲವನ್ನಾದರೂ ಎಸೆದು ಹಗುರಾಗ್ತಿದ್ದೆ ಮಾರಾಯ್ತಿ. ಸೆಕೆ ನೋಡು ಎಷ್ಟುಂಟು," ಎಂದಳು ಸೂಜಕ್ಕ. "ನೀವು ಗುಂಪು ಕಟ್ಟಿ ಕಣ್ಣು ಕುಕ್ಕುತ್ತೀರಂತೆ. ಹೌದಾ?"

"ಅಯ್ಯೋ, ನಾವು ಕಾಳು ಕುಕ್ಕುವವರು. ಹಾಗಂತ ಹೇಳಿದವರು ಯಾರು?"

"ನಿಮಗೆ ಮುಳ್ಳಿನ ಕಥೆ ಹೇಳಿದವರು ಯಾರು?"

 ಇಬ್ಬರ ಕತ್ತೂ ಒಟ್ಟಿಗೇ ಕೊಲ್ಲಿಯ ಕಡೆಗೆ ತಿರುಗಿತು. ಗರಿಕಮ್ಮ ಕುಪ್ಪಳಿಸಿ ಹತ್ತಿರ ಬಂದಳು.

ಸೂಜಕ್ಕ ಹರಿದ ಬುಟ್ಟಿಯನ್ನು ಮುಂದಕ್ಕೆ ತಳ್ಳಿ ಚಿಕ್ಕಿ ಬಿದ್ದದ್ದನ್ನು ಹೇಳಿದಳು. ನಲವತ್ತು ಬುಟ್ಟಿ ಹರಿದದ್ದನ್ನು ಹೇಳಿದಳು.  ಗರಿಕಮ್ಮ ಬುಟ್ಟಿಯೊಳಗೆ ತಲೆ ಹಾಕಿ ನೋಡಿದಳು. ತಲೆ ಹೊರಗೆ ತೆಗೆದಾಗ ಅವಳ ಮುಖ ಬದಲಾಗಿತ್ತು.

"ಏ, ಇಲ್ಲಿ ಬನ್ನಿ ಸ್ವಲ್ಪ," ಎಂದು ಗಂಡನನ್ನು ಕರೆದಳು.

ಜೊಂಡಯ್ಯ ಬಂದ. ಹಳದಿ ಎದೆಯ ಗಂಡು ಗೀಜಗ, ನಡುಗಡ್ಡೆಗೇ ದೊಡ್ಡ ಹೆಣಿಗೆಗಾರ. ಅವನು ಬುಟ್ಟಿಯ ಗಂಟನ್ನು ನೋಡಿದ, ಹೆಂಡತಿಯ ಮುಖ ನೋಡಿದ, ತಲೆ ತಗ್ಗಿಸಿದ.

"ಇದು ನಾನೇ ಹೆಣೆದದ್ದು," ಎಂದ. "ಆದರೆ ಇದು ಬುಟ್ಟಿ ಅಲ್ಲ. ಇವಳು ಬೇಡ ಅಂದ ಅರ್ಧ ಬುಟ್ಟಿ."

ಆಮೇಲೆ ಅವನು ತಮ್ಮ ಪದ್ಧತಿ ವಿವರಿಸಿದ. ಗೀಜಗಗಳಲ್ಲಿ ಯಾರೂ ಬುಟ್ಟಿಯನ್ನು ಒಂದೇ ಸಲಕ್ಕೆ ಹೆಣೆದು ಮುಗಿಸುವುದಿಲ್ಲ. ಅರ್ಧ ಹೆಣೆದು ನಿಲ್ಲಿಸುತ್ತಾರೆ. ಆಗ ಅದನ್ನು ಬಳಸುವವರು ಬಂದು, ಹತ್ತಿ ಕೂತು, ಎಳೆ ಎಳೆಯನ್ನೂ ಜಗ್ಗಿ ನೋಡಬೇಕು. ಒಪ್ಪಿಗೆಯಾದರೆ ಹಸಿ ಜೇಡಿಮಣ್ಣು ಮೆತ್ತಿ ಗುರುತು ಹಾಕುತ್ತಾರೆ, ಉಳಿದ ಅರ್ಧ ಹೆಣೆಯುತ್ತಾರೆ. ಒಪ್ಪಿಗೆಯಾಗದಿದ್ದರೆ ಅದನ್ನು ಅಲ್ಲಿಗೇ ಬಿಟ್ಟು ಹೊಸದು ಶುರುಮಾಡುತ್ತಾರೆ. ಬಿಟ್ಟದ್ದು ಗಾಳಿಗೆ ಬಿದ್ದು ಮರದ ಬುಡದಲ್ಲಿ ಕೊಳೆಯುತ್ತದೆ.

"ಮರದ ಬುಡ ಗುಡಿಸುದು ಯಾರು?" ಎಂದು ಸೂಜಕ್ಕ ಕೇಳಿದಳು.

"ಮುಳುಗಣ್ಣ," ಎಂದ ಜೊಂಡಯ್ಯ. "ಕೇಳದೆಯೇ ಗುಡಿಸಿ ಕೊಡ್ತಾನೆ. ಎಷ್ಟು ಒಳ್ಳೆಯವನು ಅಂತ ನಾವೇ ಮಾತಾಡಿಕೊಳ್ತಿದ್ದೆವು."

ಗರಿಕಮ್ಮ ಹರಿದ ಬುಟ್ಟಿಯ ತಳದಿಂದ ಒಂದು ಹಸಿ ಹುಲ್ಲು ಹಿರಿದಳು. ಗಂಟಿಲ್ಲ, ನೇಯ್ಗೆಯಿಲ್ಲ. ಸುಮ್ಮನೆ ತುರುಕಿದ್ದು. ಸೂಜಕ್ಕ ಅಷ್ಟು ನಂಬಿ ಮೂಸಿದ್ದ ಘಮ ಅದೇ.

"ನಾವು ಕಳಿಸಿದ ನಲವತ್ತೂ ಮಾದರಿಯ ಹಾಗೇ ಇದ್ದವು ಸೂಜಕ್ಕ," ಎಂದಳು ಗರಿಕಮ್ಮ. "ಮೊದಲ ವರ್ಷ ಅರ್ಧ ಹೆಣೆದಿಟ್ಟು ನಿಮಗಾಗಿ ಕಾದೆವು. ಯಾರೂ ಬರ್ಲಿಲ್ಲ. ಅವರಿಗೆ ಪುರುಸೊತ್ತಿಲ್ಲ, ಬುಟ್ಟಿ ಹೇಗಿದ್ದರೂ ಆಗ್ತದಂತೆ ಅಂತ ಮುಳುಗಣ್ಣ ಹೇಳಿದ. ಬೇಸರ ಆಯ್ತು. ಆದರೂ ಯಾರದೋ ಮಕ್ಕಳು ಮಲಗುವಂಥದ್ದು. ಅದಕ್ಕೆ ನಿಮ್ಮ ಪರವಾಗಿ ನಾನೇ ಜಗ್ಗಿ ನೋಡ್ತಿದ್ದೆ. ನಿಮ್ಮ ಮಕ್ಕಳ ತೂಕ ಎಷ್ಟು ಅಂತ ಗೊತ್ತಿರ್ಲಿಲ್ಲ. ನನಗೆ ನಾಲ್ಕು ಮಕ್ಕಳು. ನಾಲ್ವರನ್ನೂ ಒಟ್ಟಿಗೆ ಕೂರಿಸಿ, ನಾನೂ ಕೂತು ನೋಡ್ತಿದ್ದೆ."

ಸೂಜಕ್ಕ ಅತ್ತಳು. ಒಂದು ವರ್ಷದಿಂದ ಅವಳು ಯಾರನ್ನು ಮೋಸಗಾರರು ಎಂದು ಮನಸ್ಸಿನಲ್ಲೇ ಬೈಯುತ್ತಿದ್ದಳೋ, ಅವರು ಹೆಸರೇ ಗೊತ್ತಿಲ್ಲದ ಮಕ್ಕಳಿಗಾಗಿ ತಮ್ಮ ಮಕ್ಕಳನ್ನು ಬುಟ್ಟಿಯಲ್ಲಿ ಕೂರಿಸಿ ನೋಡುತ್ತಿದ್ದರು.

"ತಪ್ಪು ನಂದೂ ಉಂಟು," ಎಂದಳು. "ಚಿಕ್ಕಿ ಬಿದ್ದ ದಿನವೇ ನಾನು ಇಲ್ಲಿಗೆ ಬರಬೇಕಿತ್ತು. ನೀರಿಗೆ ಹೆದರಿ ಎಲ್ಲವನ್ನೂ ಅವನ ಕೊಕ್ಕಿಗೆ ಬಿಟ್ಟೆ."

"ನಮಗೆ ರೆಕ್ಕೆ ಇತ್ತು, ನಾವೂ ಬರ್ಲಿಲ್ಲ," ಎಂದ ಜೊಂಡಯ್ಯ. "ಅದು ಹೋಗಲಿ, ಮೊಲದ ಮರಿ ಹೇಗಿರ್ತದೆ? ನಾವು ನಮ್ಮ ಮರಿಗಳ ಹಾಗೆ ಅಂತ ತಿಳಿದು ಬುಟ್ಟಿಯ ಬಾಯಿ ಕಿರಿದು ಮಾಡ್ತಿದ್ದೆವು."

ಸೂಜಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. "ಮೊಲದ ಮರಿಗೆ ಕೊಕ್ಕಿಲ್ಲ ಮಾರಾಯ. ಉದ್ದ ಕಿವಿ ಉಂಟು, ಹಿಂಗಾಲು ಉಂಟು. ಮಲಗಿದರೆ ಕಾಲು ಚಾಚ್ತವೆ, ಕನಸಿನಲ್ಲಿ ಒದೀತವೆ. ಆ ಕಿರಿದು ಬಾಯಿಗೆ ಅವುಗಳನ್ನು ತೂರಿಸಲಿಕ್ಕೆ ತಾಯಂದಿರು ಪಡುವ ಪಾಡು ಕೇಳಬೇಡ. ಬಾಯಿ ಅಗಲ ಬೇಕು, ತಳ ದಪ್ಪ ಬೇಕು."

"ಇಷ್ಟು ಒಂದು ಮಾತು ಮೂರು ವರ್ಷದಿಂದ ಯಾರೂ ಹೇಳ್ಲಿಲ್ಲ ನೋಡು," ಎಂದು ಜೊಂಡಯ್ಯ ಹೆಂಡತಿಗೆ ಹೇಳಿದ. ಹೇಳಿದವನೇ ಹಾರಿ ಹೋಗಿ ಜೊಂಡುಹುಲ್ಲು ಸೀಳತೊಡಗಿದ.

ಸೂಜಕ್ಕ ಆರು ದಿನ ನಡುಗಡ್ಡೆಯಲ್ಲೇ ಉಳಿದಳು. ಗೀಜಗಗಳು ಅರ್ಧ ಹೆಣೆದಾಗಲೆಲ್ಲ ಅವಳನ್ನು ಕರೆಯುತ್ತಿದ್ದವು. ಅವಳು ಹಲ್ಲಿನಲ್ಲಿ ಕಚ್ಚಿ ಜಗ್ಗಿ ನೋಡುತ್ತಿದ್ದಳು, ಆಮೇಲೆ ಗರಿಕಮ್ಮ ತಾನೂ ಜಗ್ಗಿ ನೋಡಿ ಮಣ್ಣಿನ ಗುರುತು ಹಾಕುತ್ತಿದ್ದಳು. ಎರಡು ಬುಟ್ಟಿ ಸಡಿಲ ಎಂದಳು. ಹೆಣೆದವರು ಮುಖ ಊದಿಸಿಕೊಂಡರು, ಆದರೂ ಬಿಚ್ಚಿ ಹೆಣೆದರು. ಆರು ದಿನಕ್ಕೆ ಹನ್ನೆರಡು ಬುಟ್ಟಿ ಸಿದ್ಧವಾದವು. ಬೇಕಾದದ್ದು ನಲವತ್ತು. ಅಷ್ಟರಲ್ಲಿ ತೆಂಕಣ ದಿಕ್ಕಿನಲ್ಲಿ ಮೋಡ ಕಂಡಿತು.

"ಇರುವಷ್ಟು ತಗೊಂಡು ಹೋಗ್ತೇನೆ," ಎಂದಳು ಸೂಜಕ್ಕ. ಹನ್ನೆರಡು ಬುಟ್ಟಿಗಳನ್ನು ಮುಳ್ಳುಗಳಿಗೆ ಸಿಕ್ಕಿಸಿಕೊಂಡು ನೀರಿಗಿಳಿದಳು. ಈ ಸಲ ಕಾಲು ಹಿಂದೆಗೆಯಲಿಲ್ಲ. ಗರಿಕಮ್ಮನೂ ಜೊಂಡಯ್ಯನೂ ಅವಳ ತಲೆಯ ಮೇಲೆ ಹಾರುತ್ತಾ ಜೊತೆಗೆ ಹೊರಟರು.

ಕೊಲ್ಲಿಯ ನಡುವೆ ಒಂದು ಕಪ್ಪು ಬಂಡೆ. ಅದರ ಹಿಂದೆ ಯಾರೋ ನರಳುತ್ತಿದ್ದರು. ಸುತ್ತಿ ಹೋಗಿ ನೋಡಿದರೆ, ನೀರಿನಲ್ಲಿ ಸಾಲಾಗಿ ಬುಟ್ಟಿಗಳು! ಗರಿಕಮ್ಮ ಒಪ್ಪಿ ಕಳಿಸಿದ ಬುಟ್ಟಿಗಳು. ಬಾಯಿ ಕಿರಿದಾಗಿದ್ದ ಆ ಬುಟ್ಟಿಗಳನ್ನು ಮುಳುಗಣ್ಣ ಬಂಡೆಯ ಸಂದಿಯಲ್ಲಿ ಕಟ್ಟಿ ಮೀನಿನ ಬಲೆ ಮಾಡಿಕೊಂಡಿದ್ದ. ಒಳಗೆ ಹೊಕ್ಕ ಮೀನು ಹೊರಗೆ ಬರುವಂತಿಲ್ಲ, ಇವನು ಮುಳುಗುವ ಕಷ್ಟವಿಲ್ಲ. ಕೂತಲ್ಲೇ ಊಟ. ಅದಕ್ಕಾಗಿ ಕಾಡಿನ ಮಕ್ಕಳಿಗೆ ಕೊಳೆತ ಹುಲ್ಲು.

ಆದರೆ ಅಂದು ಒಂದು ದಪ್ಪ ಮೀನು ಬುಟ್ಟಿಯ ತಳದಲ್ಲಿ ಅಡಗಿ ಕೂತಿತ್ತು. ಆಸೆಬುರುಕ ಮುಳುಗಣ್ಣ ಕತ್ತು ತೂರಿಸಿದ, ಹೆಗಲು ತೂರಿಸಿದ, ಅಲ್ಲೇ ಸಿಕ್ಕಿಕೊಂಡ. ಕಟ್ಟು ಬಿಡದ ಬುಟ್ಟಿಯನ್ನು ಹೇಗೋ ನೀರಿನ ಮೇಲಕ್ಕೆ ಎತ್ತಿದ್ದ, ಅಷ್ಟೆ. ತಲೆ ಬುಟ್ಟಿಯೊಳಗೆ, ರೆಕ್ಕೆ ಎರಡೂ ಹೊರಗೆ ಅಗಲಿಸಿಕೊಂಡು ಬಡಿಯುತ್ತಿದ್ದವು. ಎಳೆದ, ಒದ್ದ, ಬಂಡೆಗೆ ಬಡಿದ. ಒಂದು ಎಳೆಯೂ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಳ್ಳಬಾರದು ಎಂದೇ ಹೆಣೆದದ್ದಲ್ಲವೇ ಅದು? ಉಬ್ಬರದ ನೀರು ಏರುತ್ತಿತ್ತು, ಆಗಲೇ ಅವನ ಎದೆಯ ಮಟ್ಟಕ್ಕೆ ಬಂದಿತ್ತು.

"ಯಾರದು? ಯಾರಾದರೂ ಬಿಡಿಸಿ," ಎಂದು ಬುಟ್ಟಿಯೊಳಗಿಂದ ದನಿ ಬಂತು.

ಮಾಡಿದ್ದುಣ್ಣೋ ಮಹಾರಾಯ ಎಂದು ಸೂಜಕ್ಕ ಮುಂದೆ ಹೋಗಬಹುದಿತ್ತು. ಜೊಂಡಯ್ಯ ಹಾಗೇ ಹೇಳಿದ ಕೂಡ. ಆದರೆ ಸೂಜಕ್ಕ ಬಂಡೆ ಹತ್ತಿದಳು.

"ಒಂದು ಮಾತು ಕೇಳ್ತೇನೆ ಮುಳುಗಣ್ಣ. ಹೋದ ಮಳೆಯಲ್ಲಿ ನಿನ್ನ ಬುಟ್ಟಿಯಿಂದ ಬಿದ್ದಳಲ್ಲ, ಆ ಮಗುವಿನ ಹೆಸರು ಗೊತ್ತುಂಟಾ ನಿನಗೆ?"

ರೆಕ್ಕೆಗಳ ಬಡಿತ ನಿಂತಿತು.

"ಚಿಕ್ಕಿ," ಎಂದಳು ಸೂಜಕ್ಕ. "ಎಡಗಾಲು. ನೆನಪಿಟ್ಟುಕೋ."

ಹಾಗೆಂದು ಅವಳು ಬುಟ್ಟಿಯ ಬಾಯನ್ನು ಕಡಿಯತೊಡಗಿದಳು. ಮರದ ಬೇರು ಕಡಿಯುವ ಹಲ್ಲು ಅವಳದು. ಆದರೂ ಆ ಹೆಣಿಗೆ ಬೇಗ ಬಗ್ಗಲಿಲ್ಲ. ನೀರು ಮುಳುಗಣ್ಣನ ಕತ್ತಿಗೆ ಬರುವ ಹೊತ್ತಿಗೆ ಕೊನೆಯ ಎಳೆ ತುಂಡಾಯಿತು. ಅವನು ಹೊರಗೆ ಬಿದ್ದು ಬಂಡೆ ಹತ್ತಿದ. ಅಭ್ಯಾಸ ನೋಡಿ, ಕೂಡಲೇ ಎರಡು ರೆಕ್ಕೆಯನ್ನೂ ಅಗಲಿಸಿದ.

"ನೋಡಿ ಸೂಜಕ್ಕ, ನಾನು..." ಎಂದ.  ಎದುರಿಗೆ ಗರಿಕಮ್ಮ ಕೂತಿದ್ದಳು, ಪಕ್ಕದಲ್ಲಿ ಸೂಜಕ್ಕ ನಿಂತಿದ್ದಳು. ಅವರಿಬ್ಬರನ್ನೂ ಒಟ್ಟಿಗೆ ಅವನು ಯಾವತ್ತೂ ನೋಡಿರಲಿಲ್ಲ. ನೋಡದ ಹಾಗೆ ಇರಲೆಂದೇ ಅಷ್ಟೆಲ್ಲ ಸುಳ್ಳು ಹೇಳಿದ್ದ. ಅವನು ರೆಕ್ಕೆ ಮಡಚಿಕೊಂಡ. "ತಪ್ಪಾಯ್ತು" ಎಂದ.  ಅಂದಿನಿಂದ ಕಾಡಿನವರಾಗಲಿ ನಡುಗಡ್ಡೆಯವರಾಗಲಿ ಅವನ ಕೈಗೆ ಒಂದು ಹುಲ್ಲುಕಡ್ಡಿಯನ್ನೂ ಕೊಡಲಿಲ್ಲ. ಪ್ರತಿ ಮೀನಿಗೂ ಅವನು ತಾನೇ ಮುಳುಗಬೇಕಾಯಿತು. ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಕೂತರೆ ನೋಡಲು ಯಾರೂ ಬರುತ್ತಿರಲಿಲ್ಲ.

ಸೂಜಕ್ಕ ಕಡಿದದ್ದನ್ನು ಬಿಟ್ಟರೆ ಬಂಡೆಯ ಸಂದಿಯಲ್ಲಿ ಉಳಿದ ಮೂವತ್ತೊಂಬತ್ತು ಬುಟ್ಟಿಗಳು ಚೆನ್ನಾಗಿಯೇ ಇದ್ದವು. ಉಪ್ಪುನೀರಿನಲ್ಲಿ ನೆನೆದಿದ್ದವು ಎನ್ನುವುದು ಬಿಟ್ಟರೆ ಒಂದು ಗಂಟೂ ಸಡಿಲವಾಗಿರಲಿಲ್ಲ. ಎಲ್ಲವನ್ನೂ ಕೂಡಿಸಿಕೊಂಡು ಮೂವರೂ ಕಾಡಿನ ದಡ ಮುಟ್ಟಿದರು. ಜೊಂಡಯ್ಯ ಅಲ್ಲೇ ಕೂತು ಹಳೆಯ ಬುಟ್ಟಿಗಳ ಬಾಯಿ ಅಗಲ ಮಾಡತೊಡಗಿದ.

ಸೂಜಕ್ಕ ನೇರ ಕಿವಿಯಮ್ಮನ ಬಿಲಕ್ಕೆ ಓಡಿದಳು. ಕಿವಿಯಮ್ಮ ಹೊರಟು ನಿಂತಿದ್ದಳು. ಚಿಕ್ಕಿ ಅಮ್ಮನ ಕಾಲಿಗೆ ಒರಗಿಕೊಂಡಿದ್ದಳು. ಸೂಜಕ್ಕ ನಡೆದದ್ದನ್ನೆಲ್ಲ ಹೇಳಿದಳು. ಕಿವಿಯಮ್ಮ ಪೂರ್ತಿ ಕೇಳಿದಳು. ಕೇಳಿ ತಲೆ ಅಲ್ಲಾಡಿಸಿದಳು.

"ಹೋದ ವರ್ಷವೂ ನೀವು ಇಷ್ಟೇ ಮನಸ್ಸಿಟ್ಟು ಹೇಳಿದ್ದಿರಿ ಸೂಜಕ್ಕ. ನಿಮ್ಮ ಮಾತಿಗೆ ತೂಕ ಉಂಟು. ಬುಟ್ಟಿ ಹೊರಬೇಕಾದದ್ದು ಮಾತನ್ನಲ್ಲ."

ಅದು ಸರಿ ಎಂದು ಸೂಜಕ್ಕನಿಗೂ ಅನ್ನಿಸಿತು. ಅವಳು ವಾದ ಮಾಡಲಿಲ್ಲ. ಹೊಸ ಬುಟ್ಟಿಯೊಂದನ್ನು ಅಳಿಲುಗಳಿಂದ ಬಿಲದ ಎದುರಿನ ಕೊಂಬೆಗೇ ಕಟ್ಟಿಸಿದಳು. ಕೊಂಬೆಯ ಕೆಳಗಿದ್ದ ಹುತ್ತ ಹತ್ತಿ ತಾನೇ ಅದರೊಳಗೆ ಇಳಿದು ಕೂತಳು. ನಾಲ್ಕು ಮೊಲದ ಮರಿಗಳಿಗೆ ಅಂತ ಹೆಣೆದ ಬುಟ್ಟಿ. ಅದರಲ್ಲಿ ಒಂದು ತುಂಬಿದ ಮುಳ್ಳುಹಂದಿ! ಮುಳ್ಳುಗಳು ಎಲ್ಲ ಕಡೆಯಿಂದಲೂ ಹೊರಗೆ ಚಾಚಿಕೊಂಡವು. ಒಂದು ಕಾಲು ಕೆಳಗೆ ಜೋತುಬಿತ್ತು. ಹಲಸಿನಕಾಯಿ ಮರಕ್ಕೆ ಜೋತಾಡುವ ಹಾಗೆ ಅವಳು ಜೋತಾಡಿದಳು. ಇಲಿಮರಿಗಳು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕವು. ಸೂಜಕ್ಕ ನಾಚಿದಳು, ಇಳಿಯಲಿಲ್ಲ.

ಹಾಗೆ ಕೂತವಳು ಮಧ್ಯಾಹ್ನ ಕಳೆದರೂ ಕೂತೇ ಇದ್ದಳು. ಗಾಳಿ ಎದ್ದಿತು, ಬುಟ್ಟಿ ತೂಗಿತು. ಕಿವಿಯಮ್ಮ ಬಿಲದ ಬಾಯಲ್ಲಿ ಕೂತು ರೆಪ್ಪೆ ಮಿಟುಕಿಸದೆ ಬುಟ್ಟಿಯ ತಳವನ್ನೇ ನೋಡುತ್ತಿದ್ದಳು. ಇಳಿಹೊತ್ತಿಗೆ ಚಿಕ್ಕಿ ಕುಂಟುತ್ತಾ ಬುಟ್ಟಿಯ ಕೆಳಗೆ ಹೋಗಿ ಮೇಲೆ ನೋಡಿದಳು.

"ಅಮ್ಮ, ಸೂಜಕ್ಕ ಬೀಳ್ಲಿಲ್ಲ," ಎಂದಳು.

ಕಿವಿಯಮ್ಮ ಎದ್ದು ಬಂದಳು. ಸೂಜಕ್ಕನನ್ನು ಇಳಿಸಿ, ಹುತ್ತದ ಮೇಲೆ ನಿಂತು, ತಾನೇ ಬುಟ್ಟಿಯನ್ನು ಜಗ್ಗಿ ನೋಡಿದಳು. ಒಳಗೆ ಕೈಯಾಡಿಸಿದಾಗ ಜೇಡಿಮಣ್ಣಿನ ಉಂಡೆ ಸಿಕ್ಕಿತು.

"ಇದೆಂತದು?"

"ಗರಿಕಮ್ಮ ಜಗ್ಗಿ ನೋಡಿ ಒಪ್ಪಿದ ಗುರುತು."

"ಅವಳಿಗೆ ಮಕ್ಕಳುಂಟಾ?"

"ನಾಲ್ಕು. ಅವರನ್ನು ಕೂರಿಸಿಯೇ ನೋಡುದಂತೆ."

ಕಿವಿಯಮ್ಮ ಆ ಮಣ್ಣಿನ ಮೇಲಿನ ಗೀರನ್ನು ಕೈಯಿಂದ ಸವರಿದಳು. ಆಮೇಲೆ ಬಗ್ಗಿ ಚಿಕ್ಕಿಯನ್ನು ಎತ್ತಿ ಬುಟ್ಟಿಯಲ್ಲಿ ಮಲಗಿಸಿದಳು. ಚಿಕ್ಕಿ ಎರಡು ಕಾಲನ್ನೂ ಚಾಚಿದಳು, ಸೊಟ್ಟಗಿದ್ದದ್ದನ್ನೂ. ಜಾಗ ಧಾರಾಳವಾಗಿ ಸಾಕಾಯಿತು. ಎರಡು ದಿನ ಬಿಟ್ಟು ಮಳೆ ಹಿಡಿಯಿತು. ಬಿಲಗಳೆಲ್ಲ ತುಂಬಿ ಹರಿದವು. ಐವತ್ತಕ್ಕೂ ಮೀರಿ ಬುಟ್ಟಿಗಳು ಕೊಂಬೆಗಳಲ್ಲಿ ತೂಗಿದವು. ಒಂದು ಮರಿಯೂ ಬೀಳಲಿಲ್ಲ.

ಮಾರನೆಯ ವರ್ಷ ಮಳೆಗೆ ಮುಂಚೆ ಸೂಜಕ್ಕ ಕಾಳು ಹೊತ್ತು ನೀರಿಗಿಳಿಯುವಾಗ ಅವಳ ಕತ್ತಿನ ಮೇಲೆ, ಮುಳ್ಳಿಲ್ಲದ ಜಾಗದಲ್ಲಿ, ಇನ್ನೊಬ್ಬರು ಕೂತಿದ್ದರು. ಕಿವಿಯಮ್ಮ. ದಾರಿಯುದ್ದಕ್ಕೂ ಕಣ್ಣು ತೆರೆಯಲಿಲ್ಲ ಅವಳು. ನಡುಗಡ್ಡೆ ಮುಟ್ಟಿದ ಮೇಲೆ ಮೈ ಕೊಡವಿಕೊಂಡು, ಜೊಂಡಯ್ಯ ಅರ್ಧ ಹೆಣೆದಿಟ್ಟಿದ್ದ ಬುಟ್ಟಿಯ ಹತ್ತಿರ ಹೋಗಿ ಜಗ್ಗಿ ನೋಡಿದಳು. ಒಮ್ಮೆ ನೋಡಿದಳು, ಎರಡು ಸಲ ನೋಡಿದಳು.

"ಇಲ್ಲಿ ಸ್ವಲ್ಪ ಸಡಿಲ ಉಂಟು," ಎಂದಳು.

ಎಲ್ಲರೂ ಹೆಣಿಗೆ ನಿಲ್ಲಿಸಿ ತಿರುಗಿ ನೋಡಿದರು. ಜೊಂಡಯ್ಯನ ಹೆಣಿಗೆಗೆ ಹೊರಗಿನವರು ಯಾರೂ ಹಾಗೆ ಹೇಳಿರಲಿಲ್ಲ. ಅವನು ಬಂದು ನೋಡಿದ, ತಾನೂ ಜಗ್ಗಿದ.

"ಹೌದು, ಉಂಟು," ಎಂದ. ಕೂತು ಮೂರು ಗಂಟು ಬಿಚ್ಚಿ ಮತ್ತೆ ಹೆಣೆದ. ಕಿವಿಯಮ್ಮ ಮತ್ತೆ ಜಗ್ಗಿದಳು. ಈ ಸಲ ತಲೆದೂಗಿದಳು.

ಗರಿಕಮ್ಮ ಹಸಿ ಜೇಡಿಮಣ್ಣು ತಂದು ಬುಟ್ಟಿಯ ಒಳಗೋಡೆಗೆ ಮೆತ್ತಿದಳು. ಕೊಕ್ಕಿನಿಂದ ಒಂದು ಗೀರು ಎಳೆದಳು. ಆಮೇಲೆ ಪಕ್ಕಕ್ಕೆ ಸರಿದು ಕೂತು, "ನೀವೂ ಹಾಕಿ," ಎಂದಳು.

ಕಿವಿಯಮ್ಮ ತನ್ನ ಮುಂಗಾಲನ್ನು ಆ ಹಸಿಮಣ್ಣಿನ ಮೇಲೆ ಮೆಲ್ಲಗೆ ಒತ್ತಿದಳು. ಕೊಕ್ಕಿನ ಗೀರಿನ ಪಕ್ಕದಲ್ಲೇ ಮೊಲದ ಹೆಜ್ಜೆಯ ಗುರುತು ಮೂಡಿತು. ಅಂದಿನಿಂದ ನಡುಗಡ್ಡೆಯಿಂದ ಬರುವ ಪ್ರತಿ ಬುಟ್ಟಿಯಲ್ಲೂ ಎರಡು ಗುರುತು ಇರುತ್ತಿದ್ದವು.

ನೀತಿ: ದೂರದವರೊಡನೆ ವ್ಯವಹಾರ ಮಾಡುವಾಗ ನಂಬಿಕೆಯನ್ನು ನಡುವಿನವನ ನಾಲಿಗೆಗೆ ಬಿಡಬಾರದು, ತಾವೇ ಹೋಗಿ, ಕೆಲಸ ಅರ್ಧದಲ್ಲಿರುವಾಗಲೇ ನೋಡಿ, ಕುಂದು ಕಂಡರೆ ಎದುರಿಗೇ ಹೇಳಿ ತಿದ್ದಿಕೊಂಡವರ ನಂಟು ಗಟ್ಟಿಯಾಗಿ ಉಳಿಯುತ್ತದೆ.